ಸೋಮವಾರದ ಹತ್ತಿ

ವೀರಭದ್ರಮ್ಮ ತನ್ನ ಗದ್ದೆಯ ಭತ್ತದ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದಳು. ಬುಡದ ಮೇಲೆ ಹತ್ತಿಯ ಉಂಡೆ ಇಟ್ಟು, ಪ್ಲಾಸ್ಟಿಕ್ ಚೀಲ ಮುಚ್ಚಿ, ರಬ್ಬರ್ ಹಾಕಿದಳು. ಬದುವಿನ ಮೇಲೆ ಕೂತಿದ್ದ ಶ್ರೀಪ್ರಿಯಾಗೆ ತಪ್ಪೇನೂ ಕಾಣಲಿಲ್ಲ. ತಪ್ಪು ಹುಡುಕಲೆಂದೇ ಅವಳು ಈ ಸೋಮವಾರ ಬಳ್ಳಾರಿಯಿಂದ ಮೊದಲ ಬಸ್ಸು ಹಿಡಿದು, ಸಿರುಗುಪ್ಪದಲ್ಲಿ ಬದಲಿಸಿ, ಕರೂರಿಗೆ ಬಂದಿದ್ದಳು.

"ಏನ್ ಅಮ್ಮಾಯಿ, ಹೆಣ್ಣು ನೋಡಾಕ ಬಂದೋರಂಗ ನೋಡಾಕತ್ತಿ?"

"ನಿಮ್ಮ ಕೆಲ್ಸ ಚಂದ ಐತ್ರಿ. ನನಗ ನನ್ನ ಮ್ಯಾಲೇ ಅನುಮಾನ."

ದಿನಾ ವೀರಭದ್ರಮ್ಮ ಇಡುವ ಹತ್ತಿ ಬುಡದಿಂದ ಒಸರುವ ರಸವನ್ನು ಹೀರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ತಾನು ಓದುವ ಸಂಜೆ-ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆಯುವುದು ಶ್ರೀಪ್ರಿಯಾಳ ಎಂ.ಎಸ್ಸಿ. ಕೆಲಸ. ಬೇರಿನ ನಾಳಗಳ ಸುತ್ತ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಅವನ್ನು ತೆರೆದು ಮುಚ್ಚಿ, ಪೊಟ್ಯಾಸಿಯಂ ಎಷ್ಟು ಮೇಲೆ ಹೋಗಬೇಕೆಂದು ಗಿಡವೇ ನಿರ್ಧರಿಸುತ್ತದೆ. ಕಳೆದ ನಾಲ್ಕು ಸೋಮವಾರವೂ ಅಂಕಿ ಉಳಿದ ದಿನಗಳ ದುಪ್ಪಟ್ಟಾಗಿತ್ತು. ಗದ್ದೆಗೆ ಕಾಲುವೆ ನೀರು ಬಿಡುವುದೂ ಸೋಮವಾರವೇ. ನೀರು ಬಂದಾಗ ಬಾಗಿಲು ಹೆಚ್ಚು ತೆರೆಯುತ್ತದೆ ಎಂದು ಅವಳು ಬರೆದಿದ್ದಳು. "ಇದು ಹೊಸದಮ್ಮ. ಶನಿವಾರ ಎಲ್ಲಾರ ಮುಂದ ಓದು" ಎಂದಿದ್ದರು ಅವಳ ಮಾರ್ಗದರ್ಶಕ ಮಧುಸೂದನ ಸರ್. ಹಗಲು ಕಾಲೇಜಿನವರೂ ಬರುವ ಸಭೆ. ಅಂದಿನಿಂದ, ಅಂಕಿ ತಪ್ಪಿದ್ದರೆ ಎಂಬ ಅನುಮಾನಕ್ಕೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಕೈ ತೊಳ್ಕೊಂಡೀರೇನ್ರಿ?"

"ಸೋಪು ಹಚ್ಚಿ ತೊಳದೀನಿ. ನನ್ನ ಮದಿವ್ಯಾಗೂ ಇಷ್ಟು ತೊಳದಿದ್ದಿಲ್ಲ."

ಬಗ್ಗಿದಾಗ ಸೆರಗು ಜಾರಿತು. ವೀರಭದ್ರಮ್ಮ ಅದನ್ನು ಹಣೆಯವರೆಗೆ ಎಳೆದುಕೊಂಡಳು. ಹಣೆಯ ಮೇಲಿನ ಮೂರು ಬಿಳಿ ಗೆರೆಗಳಲ್ಲಿ ಒಂದು ಅಳಿಸಿಹೋಯಿತು. ಅದೇ ಬೆರಳುಗಳು ಹತ್ತಿಗೆ ಹೋದವು.

"ವಿಭೂತಿ ದಿನಾ ಹಚ್ಕೊಂತೀರೇನ್ರಿ?"

"ದಿನಾ ಎಲ್ಲಿ? ಸೋಮಾರ ಗುಡಿಗೆ ಹೋಗಿ ಬರ್ತೀನಲ್ಲ, ಅವತ್ತಷ್ಟ. ಕುರುಗೋಡಿನ ನಮ್ಮಕ್ಕ ಮಾಡಿದ್ದು, ಸಗಣಿ ಸುಟ್ಟು."

ಶ್ರೀಪ್ರಿಯಾ ಬದುವಿನಿಂದ ಇಳಿದು ಬಂದಳು. ದನ ತಿಂದ ಹುಲ್ಲಿನ ಪೊಟ್ಯಾಸಿಯಂ ಸಗಣಿಯ ಬೂದಿಯಲ್ಲೂ ಉಳಿಯುತ್ತದೆ, ಬೆರಳಿನಿಂದ ಹತ್ತಿಗೂ ಹತ್ತುತ್ತದೆ. ಇದನ್ನು ಕಂಡವರು ಇನ್ನಾರೂ ಇಲ್ಲ. ಸುಮ್ಮನಿದ್ದರೆ ಶನಿವಾರ ತೊಂದರೆಯಿಲ್ಲದೆ ಕಳೆದುಹೋಗುತ್ತದೆ. ಅವಳು ಚೀಲದಿಂದ ಉಕ್ಕಿನ ಚಿಮುಟ ತೆಗೆದಳು.

"ಅರ್ಧ ಸಾಲು ನೀವು ಮಾಡಿದಂಗೇ ಮಾಡ್ರಿ. ಉಳಿದರ್ಧಕ್ಕ ಹತ್ತಿ ಇದರಿಂದ ನಾ ಇಡ್ತೀನಿ."

"ನಂದೇ ತಪ್ಪೇನವ್ವಾ? ವಿಭೂತಿ ಬಿಡ್ಬೇಕೇನು?"

"ಬ್ಯಾಡ್ರಿ. ಇವತ್ತಿಂದು ಮುಗದ ಮ್ಯಾಲೆ ಚಿಮುಟ ನಿಮ್ಮ ಹತ್ರಾನ ಇರ್ಲಿ."

"ಇಷ್ಟು ಸಣ್ಣದಕ್ಕ ಚಿಮುಟ ಅಂತಾರೇನು? ಇದರಾಗ ರೊಟ್ಟಿನೂ ತಿರುವಾಕ ಬರಾದಿಲ್ಲ."

ಸಂಜೆ ಪ್ರಯೋಗಾಲಯದ ಯಂತ್ರ ಎರಡೂ ಗುಂಪಿನ ಹತ್ತಿಗಳನ್ನು ಅಳೆಯಿತು. ಕೈಯಿಂದ ಇಟ್ಟದ್ದು ದುಪ್ಪಟ್ಟು. ಚಿಮುಟದಿಂದ ಇಟ್ಟದ್ದು ಭಾನುವಾರದಷ್ಟೇ. ನೀರು ಬಂದಾಗಲೂ ಬಾರದಿದ್ದಾಗಲೂ ಗಿಡ ಅಷ್ಟನ್ನೇ ಮೇಲಕ್ಕೆ ಕಳಿಸಿತ್ತು.

ಮಧುಸೂದನ ಸರ್ ಹಾಳೆಯನ್ನು ಎರಡು ಸಲ ನೋಡಿದರು. "ಹಂಗಾದ್ರ ಶನಿವಾರ ಏನ್ ಓದ್ತಿ?"

"ಇದನ್ನೇ ಸರ್. ವಿಭೂತಿದೂ ಸೇರಿಸಿ."

"ನಗ್ತಾರಮ್ಮ."

"ನಗ್ಲಿ ಸರ್."

ಅವರು ಹೋದ ಮೇಲೆ ಅವಳು ಹೊಸ ಹಾಳೆಯ ಮೇಲೆ ನಕ್ಷೆ ಬರೆದಳು. ಹಳೆಯ ನಾಲ್ಕು ಸೋಮವಾರಗಳ ಜಾಗ ಖಾಲಿ ಬಿಟ್ಟು, ಐದನೆಯದರ ಚಿಮುಟದ ಅಂಕಿಯನ್ನು ಗುರುತಿಸಿದಳು. ಅದು ಭಾನುವಾರದ ಪಕ್ಕದಲ್ಲಿ ಅದೇ ಎತ್ತರದಲ್ಲಿ ಕೂತಿತು. ಆಮೇಲೆ ಕೈ ತೊಳೆದು, ಹೊರಗೆ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ತೆರೆದು, ತಳ ಕಾಣುವವರೆಗೂ ತಿಂದಳು.