ಕಾಲು ಇಂಚು

ನಮ್ಮ ಮನೆಯ ಊಟದ ಮೇಜು ದೊಡ್ಡದು. ಅದಕ್ಕೇ ನನ್ನ ಇಬ್ಬರು ನಾದಿನಿಯರು ಕೌದಿ ಜೋಡಿಸಲು ಇಲ್ಲಿಗೆ ಬಂದರು ಎಂದು ಹೇಳಿಕೊಳ್ಳುತ್ತಿದ್ದೆವು. ಮೇಜು ಒಂದು ನೆಪ. ಅಕ್ಕ, ತಂಗಿಯ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ತಂಗಿ ಅಕ್ಕನ ಹೊಲಿಗೆ ಅಂಗಡಿ ಹತ್ತಿರವಾದೊಡನೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

ಇಬ್ಬರನ್ನೂ ಒಂದು ಮೇಜಿಗೆ ತಂದವಳು ತಂಗಿಯ ಮಗಳು. ಅವಳು ಹೊಸದಾಗಿ ಮನೆ ಮಾಡಿದ್ದಳು. "ನನಗೆ ಪಾತ್ರೆ ಪಗಡ ಏನೂ ಬೇಡ. ಅಮ್ಮ, ದೊಡ್ಡಮ್ಮ ಸೇರಿ ಒಂದು ಕೌದಿ ಹೊಲಿದುಕೊಡಲಿ" ಎಂದಿದ್ದಳು. ದೊಡ್ಡಮ್ಮನ ಮಶೀನಿನ ಕೆಳಗೆ, ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ನಿದ್ದೆ ಮಾಡಿ ಬೆಳೆದ ಹುಡುಗಿ. ಇಲ್ಲವೆನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಅರ್ಧ ಚೌಕಗಳು ಅಕ್ಕನ ಮನೆಯಲ್ಲಿ, ಅರ್ಧ ತಂಗಿಯ ಮನೆಯಲ್ಲಿ; ಒಂದೊಂದರಲ್ಲೂ ಎಂಟು ಮೊನೆಯ ಒಂದು ನಕ್ಷತ್ರ. ಚೌಕಗಳ ನಡುವೆ ಬಿಳಿ ಪಟ್ಟಿ ಕೊಟ್ಟು ಜೋಡಿಸುವುದಷ್ಟೇ ಒಟ್ಟಿಗೆ. ಈ ಮಾತುಕತೆಯೆಲ್ಲ ನನ್ನ ಮೂಲಕವೇ ನಡೆಯಿತು.

ಹಿಂದೆ ಅಂಗಡಿ ಇಬ್ಬರದೂ ಆಗಿತ್ತು. ಅಕ್ಕ ಗಿರಾಕಿಗಳ ಮೈಯಳತೆ ತೆಗೆದು ಅಂಕಿ ಹೇಳುವಳು, ತಂಗಿ ಮೇಜಿಗೆ ಹೊಡೆದ ಮರದ ಅಳತೆಪಟ್ಟಿ ನೋಡಿ ಬಟ್ಟೆ ಕತ್ತರಿಸುವಳು. ತಂಗಿಯ ಕೈಯ ಕತ್ತರಿ ನೀರಿನಲ್ಲಿ ಮೀನು ಹೋದಂತೆ ಹೋಗುತ್ತಿತ್ತು. ಆಮೇಲೆ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಂತು. ಹೊಲಿದು ಕೊಟ್ಟ ಅಂಗಿಗಳೆಲ್ಲ ಮಕ್ಕಳ ಎದೆಗೆ ಬಿಗಿಯಾಗಿ, ಮೂಟೆ ಮೂಟೆಯಾಗಿ ವಾಪಸು ಬಂದವು. ಅಳತೆ ತನ್ನದು ಸರಿ ಇದೆ, ತಂಗಿಯೇ ಕಡಿಮೆ ಕತ್ತರಿಸಿ ಬಟ್ಟೆ ಉಳಿಸಿಕೊಂಡಿದ್ದಾಳೆ ಎಂದು ಅಕ್ಕ ಅಂಗಡಿ ತುಂಬ ಜನರ ಎದುರಿಗೆ ಹೇಳಿದಳು. ಕಳ್ಳಿ ಎಂಬ ಮಾತು ಬಾಯಿಂದ ಬಂತೋ ಇಲ್ಲವೋ, ಎಲ್ಲರಿಗೂ ಕೇಳಿಸಿತು. ತಂಗಿ ಕತ್ತರಿಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದಳು. ಅಂದಿನಿಂದ ನೆರೆಹೊರೆಯವರ ಬಟ್ಟೆಗೆ ಅಂಚು ಮಡಿಚಿ ಹೊಲಿಯುವುದು, ಗುಂಡಿ ಹಚ್ಚುವುದು, ಇಷ್ಟೇ ಅವಳ ಕೆಲಸ.

ಕೌದಿ ಜೋಡಿಸಲು ಬಂದ ಬೆಳಿಗ್ಗೆ ಅಕ್ಕ ಕೆಂಪು ನಕ್ಷತ್ರಗಳನ್ನು ತಂದಳು, ತಂಗಿ ನೀಲಿಯವನ್ನು. ನಾನು ಮೇಜು ಒರೆಸಿಕೊಟ್ಟೆ.

"ಅತ್ತಿಗೆ, ಒಂದು ಕೆಂಪು, ಒಂದು ನೀಲಿ, ಹಾಗೆ ಇಡೋದು ಅಂತ ಅವಳಿಗೆ ಹೇಳಿ" ಎಂದಳು ಅಕ್ಕ.

"ಕೇಳಿಸ್ತು ಅಂತ ಹೇಳಿ ಅತ್ತಿಗೆ."

"ನನ್ನನ್ನೇನು ಅಂಚೆಯವಳು ಅಂದುಕೊಂಡ್ರಾ? ಮೊದಲು ಸ್ಟಾಂಪ್ ಹಚ್ಚಿ" ಎಂದೆ. ತಂಗಿ ತಲೆ ತಗ್ಗಿಸಿ ನಕ್ಕಳು. ಅಕ್ಕ ತನ್ನ ಹತ್ತಿರವಿದ್ದ ಗುಂಡುಸೂಜಿ ಡಬ್ಬಿಯನ್ನು ಮೆಲ್ಲಗೆ ಮೇಜಿನ ನಡುವಕ್ಕೆ ತಳ್ಳಿದಳು. ಅದನ್ನು ನೋಡಿ ನನಗೆ ಹಾಯೆನಿಸಿತು. ಕೌದಿ ಮುಗಿಯುವಷ್ಟರಲ್ಲಿ ಇವರ ಮಾತು ಹೊಂದಿಕೊಂಡೀತು ಎಂದು ಆಸೆಪಟ್ಟೆ.

ತಂಗಿ ಬಿಳಿ ಪಟ್ಟಿಗಳನ್ನು ಮೊದಲೇ ಕತ್ತರಿಸಿ ತಂದಿದ್ದಳು. ನೀಲಿ ಚೌಕದ ಪಕ್ಕಕ್ಕೆ ಪಟ್ಟಿ ಇಟ್ಟರೆ ತುದಿಗೆ ತುದಿ ಕೂತಿತು. ಕೆಂಪು ಚೌಕದ ಪಕ್ಕಕ್ಕೆ ಇಟ್ಟರೆ ಚೌಕವೇ ಕಾಲು ಇಂಚು ಹೊರಗೆ ಇಣುಕಿತು. ಇನ್ನೊಂದು ಕೆಂಪು, ಮತ್ತೊಂದು ಕೆಂಪು, ಎಲ್ಲವೂ ಹಾಗೆಯೇ. ಹೀಗೆ ಹೊಲಿದರೆ ಸಾಲಿನಿಂದ ಸಾಲಿಗೆ ಪಟ್ಟಿಗಳು ಸೊಟ್ಟಗಾಗಿ, ಕೊನೆಯಲ್ಲಿ ಕೌದಿ ಒಂದು ಮಗ್ಗುಲಿಗೆ ವಾಲುತ್ತದೆ.

ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಇಷ್ಟು ವರ್ಷಗಳ ಮೇಲೆ ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಇದು:

"ಬಟ್ಟೆ ಉಳಿಸೋ ಬುದ್ಧಿ ಇನ್ನೂ ಹೋಗಿಲ್ಲ ಅನ್ನು."

ತಂಗಿ ಕೈಯಲ್ಲಿದ್ದ ಪಟ್ಟಿಯನ್ನು ಮಡಿಚಿದಳು. "ಮೂರು ಸಲ ಅಳೆದಿದ್ದೀನಿ ಅತ್ತಿಗೆ. ಪ್ರತಿಯೊಂದನ್ನೂ ಮೂರು ಸಲ" ಎಂದಳು, ನನ್ನ ಮುಖವನ್ನೂ ನೋಡದೆ. ಚಪ್ಪಲಿ ಮೆಟ್ಟಿ ಹೊರಟೇಹೋದಳು.

"ಕುಣಿಯಲಾರದವಳಿಗೆ ನೆಲ ಡೊಂಕು. ಅಣ್ಣನ ಉಕ್ಕಿನ ಸ್ಕೇಲ್ ಇತ್ತಲ್ಲ, ಕೊಡಿ. ಯಾರದು ಗಿಡ್ಡ ಅಂತ ನೀವೇ ನೋಡಿ" ಎಂದಳು ಅಕ್ಕ.

ನನ್ನ ಗಂಡ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಅವರ ಸ್ಕೇಲು ಕಪಾಟಿನಲ್ಲಿತ್ತು, ತಂದುಕೊಟ್ಟೆ. ಅಕ್ಕ ಅದನ್ನು ನೀಲಿ ಚೌಕದ ಮೇಲಿಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಕೆಂಪಿನ ಮೇಲಿಟ್ಟಳು. ಕಾಲು ಇಂಚು ಹೆಚ್ಚು. ಅವಳು ಕೊರಳಿನಲ್ಲಿ ನೇತುಬಿಟ್ಟಿದ್ದ ಟೇಪನ್ನು ತೆಗೆದು ಸ್ಕೇಲಿನ ಪಕ್ಕಕ್ಕೆ ಹಿಡಿದಳು. ಅದು ಅವರಮ್ಮನ ಬಟ್ಟೆಯ ಟೇಪು. ಅಮ್ಮ ಸಾಯುವ ಮುಂಚೆ ಹಿರಿಮಗಳ ಕೈಗೆ ಕೊಟ್ಟದ್ದು; ಅಕ್ಕನಿಗೆ ಅದು ಒಡವೆಗಿಂತ ಹೆಚ್ಚು. ಟೇಪಿನ ಹನ್ನೆರಡು ಸ್ಕೇಲಿನ ಹನ್ನೆರಡನ್ನು ದಾಟಿ ಮುಂದೆ ಹೋಗಿತ್ತು.

ಎಳೆದೂ ಎಳೆದೂ ಟೇಪು ಹಿಗ್ಗಿತ್ತು.

ಅಕ್ಕ ಕುರ್ಚಿಯಲ್ಲಿ ಕುಳಿತಳು. "ಹಿಗ್ಗಿದ ಟೇಪಲ್ಲಿ ಬಟ್ಟೆ ಅಳೆದ್ರೆ ತುಂಡು ದೊಡ್ಡದಾಗುತ್ತೆ" ಎಂದಳು. ಆಮೇಲೆ, "ಮೈ ಅಳೆದ್ರೆ ಅಂಕಿ ಕಡಿಮೆ ಬರುತ್ತೆ."

ನನಗೆ ತಕ್ಷಣ ಹೊಳೆಯಲಿಲ್ಲ.

"ಶಾಲೆ ಅಂಗಿಗಳು ಅತ್ತಿಗೆ. ಮಕ್ಕಳ ಎದೆ ಅಳೆದು ಕಡಿಮೆ ಅಂಕಿ ಹೇಳಿದವಳು ನಾನು. ಅವಳು ಹೇಳಿದಷ್ಟನ್ನೇ ಕತ್ತರಿಸಿದಳು. ಬಿಗಿ ಅಂತ ಬಂದ ಗಿರಾಕಿಗಳಿಗೆಲ್ಲ ನೀವೇ ದಪ್ಪ ಆಗಿದ್ದೀರಿ ಅಂತ ನಗಾಡ್ತಿದ್ದೆ."

ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಅಕ್ಕ ಒಂದು ಕೆಂಪು ಚೌಕದ ನಾಲ್ಕೂ ಅಂಚನ್ನು ಕತ್ತರಿಸಿ ತಂಗಿಯ ಅಳತೆಗೆ ತಂದಿದ್ದಳು. ನಕ್ಷತ್ರದ ಮೊನೆಗಳೆಲ್ಲ ಮೊಂಡಾಗಿದ್ದವು. ಎರಡನೆಯ ಚೌಕಕ್ಕೆ ಕತ್ತರಿ ಇಟ್ಟಿದ್ದಳು.

"ಏನು ಮಾಡ್ತಿದ್ದೀಯ?"

ಕೇಳಿದವಳು ನಾನಲ್ಲ. ತಂಗಿ ಬಾಗಿಲಲ್ಲಿದ್ದಳು. ಕನ್ನಡಕ ಮರೆತು ಹೋಗಿದ್ದಳಂತೆ.

ಅಕ್ಕ ಟೇಪನ್ನೂ ಸ್ಕೇಲನ್ನೂ ಅವಳ ಕಡೆಗೆ ಸರಿಸಿದಳು. ತಂಗಿ ಕನ್ನಡಕ ಹಾಕಿಕೊಂಡು ಒಂದರ ಪಕ್ಕ ಒಂದನ್ನು ಹಿಡಿದು ನೋಡಿದಳು. ಅವಳ ಹೆಬ್ಬೆರಳು ಆ ಕಾಲು ಇಂಚಿನ ಮೇಲೆ ನಿಂತುಬಿಟ್ಟಿತು. ಹೊಲಿಗೆ ಬಲ್ಲವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ತಪ್ಪು ನಂದೇ" ಎಂದಳು ಅಕ್ಕ. "ಅಂಗಿದೂ ನಂದೇ. ಹೊಟ್ಟೆಗೆ ಹಾಕಿಕೋ ಅಂತ ಯಾವ ಬಾಯಲ್ಲಿ ಕೇಳಲಿ? ನೀನಾದ್ರೂ ಅವತ್ತು ಎದುರು ವಾದಿಸಬಾರದಿತ್ತಾ?"

"ಏನು ಅಂತ ವಾದಿಸ್ಲಿ? ಅಮ್ಮನ ಟೇಪು, ನಿನ್ನ ಅಳತೆ. ಅದು ತಪ್ಪೋದು ಅಂದ್ರೇನು? ನಾನೇ ಎಲ್ಲೋ ಕೈ ತಪ್ಪಿ ಕತ್ತರಿಸಿದ್ದೀನಿ ಅಂದುಕೊಂಡೆ." ತಂಗಿ ಟೇಪನ್ನು ಕೆಳಗಿಟ್ಟಳು. "ಕದ್ದಿಲ್ಲ ಅಂತ ಗೊತ್ತಿತ್ತು. ತಪ್ಪಿಲ್ಲ ಅಂತ ಗೊತ್ತಿರಲಿಲ್ಲ ಅಕ್ಕ. ಆಮೇಲೆ ಕತ್ತರಿ ಹಿಡಿದ್ರೆ ಭಯ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಫಿ ಆರಿತು, ಯಾರೂ ಮುಟ್ಟಲಿಲ್ಲ.

ಕೊನೆಗೆ ತಂಗಿಯೇ ಎದ್ದು ಎರಡನೆಯ ಚೌಕವನ್ನು ಅಕ್ಕನ ಮುಂದಿನಿಂದ ಎತ್ತಿಕೊಂಡಳು. "ಮೊನೆ ಇಲ್ಲದ ನಕ್ಷತ್ರ ಒಂದೇ ಸಾಕು. ಕಾಲು ಇಂಚು ತಾನೇ? ದೊಡ್ಡದನ್ನ ಕೆಳಗಿಟ್ಟು ಹೊಲಿದ್ರೆ ಮಶೀನಿನಡಿಯ ಹಲ್ಲು ಹೆಚ್ಚಿದ್ದನ್ನ ತಾನೇ ಎಳ್ಕೊಳ್ಳುತ್ತೆ. ಅಮ್ಮ ಹೇಳ್ತಿರಲಿಲ್ವಾ?"

"ಹೇಳ್ತಿದ್ದಳು" ಎಂದಳು ಅಕ್ಕ. "ನಾನು ಕೆಳಗೆ ಹೋಗಬೇಕು ಅನ್ನು."

"ಹೋಗು, ಒಂದು ಸಲ."

ಸಾಲು ಸಾಲಿನ ನಡುವೆ ಬರುವ ಉದ್ದ ಪಟ್ಟಿಗಳನ್ನು ಇನ್ನೂ ಕತ್ತರಿಸಿರಲಿಲ್ಲ. ಅಕ್ಕ ಬಿಳಿ ಬಟ್ಟೆಯನ್ನು ಹರವಿ ಕತ್ತರಿಯನ್ನು ಹಿಡಿಕೆ ಮುಂದಾಗಿ ತಂಗಿಗೆ ಚಾಚಿದಳು. ತಂಗಿ ಸ್ವಲ್ಪ ಹೊತ್ತು ತೆಗೆದುಕೊಳ್ಳಲಿಲ್ಲ. ಆಮೇಲೆ ಸ್ಕೇಲಿನಿಂದ ಅಳೆದು ಗುರುತು ಹಾಕಿದಳು. ಮತ್ತೆ ಅಳೆದಳು. "ಸರಿ ಇದೆ, ಕತ್ತರಿಸು" ಎಂದಳು ಅಕ್ಕ. ತಂಗಿ ಮೂರನೆಯ ಸಲವೂ ಅಳೆದಳು. ಆಗ ಅಕ್ಕನ ಮುಖ ನೋಡಲಾರದೆ ನಾನು ಆರಿದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಉದ್ದ ಪಟ್ಟಿಯ ಎರಡೂ ಅಂಚಿಗೆ, ಚೌಕ ಎಲ್ಲಿ ಮುಗಿಯಬೇಕು, ಅಡ್ಡ ಪಟ್ಟಿ ಎಲ್ಲಿ ಬರಬೇಕು ಎಂದು ತಂಗಿ ಪೆನ್ಸಿಲಿನಲ್ಲಿ ಗೀರು ಹಾಕುತ್ತಾ ಹೋದಳು. ಮೇಲಿನ ಗೀರಿಗೆ ಮೇಲಿನ ಸಾಲು, ಕೆಳಗಿನ ಗೀರಿಗೆ ಕೆಳಗಿನ ಸಾಲು. ಅಕ್ಕ ಸಾಲಿನ ಹೊಲಿಗೆಗಳನ್ನು ಗೀರಿಗೆ ಸೇರಿಸಿ ಗುಂಡುಸೂಜಿ ಚುಚ್ಚಿದಳು. ಅದೇ ವಾರ ಸಾಲುಗಳೆಲ್ಲ ಕೂಡಿದವು. ಮೇಲಿನಿಂದ ಕೆಳಗಿನವರೆಗೆ ಬಿಳಿ ಪಟ್ಟಿಗಳು ದಾರ ಹಿಡಿದಂತೆ ನೇರವಾಗಿದ್ದವು. ಮೊಂಡು ನಕ್ಷತ್ರವನ್ನು ಹಾಸಿಗೆಯ ಕಾಲ ಕಡೆ ಮೂಲೆಗೆ ಇಡೋಣವೆಂದು ಅಕ್ಕ ಎಷ್ಟು ಹೇಳಿದರೂ ಕೇಳದೆ ತಂಗಿ ಅದನ್ನು ತಲೆದಿಂಬಿನ ಕಡೆ ಇಟ್ಟಿದ್ದಳು.

ಅಸ್ತರು ಕೊಟ್ಟು ಮುಗಿಸಿದ ದಿನ ಅಕ್ಕ ಅಮ್ಮನ ಟೇಪನ್ನು ಕಸದ ಬುಟ್ಟಿಗೆ ಹಾಕಿದಳು. ತಂಗಿ ಅದನ್ನು ಎತ್ತಿ, ಕೊಡವಿ, ಸುತ್ತಿಟ್ಟ ಕೌದಿಗೆ ಬಿಗಿದು ಗಂಟು ಹಾಕಿದಳು.

"ಅಳೆಯೋಕೆ ಬೇಡ. ಕಟ್ಟೋಕೆ ಆದೀತು."

ಬಾಗಿಲಲ್ಲಿ ಅಕ್ಕ ಅವಳ ಮೊಣಕೈ ಹಿಡಿದಳು. "ಅಂಗಡಿಗೆ ಬಾ. ಕತ್ತರಿಸೋ ಮೇಜು ಹಾಗೇ ಇದೆ."

"ಈಗ ನನ್ನ ಕೈ ನಿಧಾನ ಅಕ್ಕ. ಒಂದು ಅಂಗಿ ಕತ್ತರಿಸೋಕೆ ನಂಗೆ ಇಡೀ ದಿನ ಬೇಕು. ಗಿರಾಕಿ ಕಾಯ್ತಾರಾ?"

"ನಾನು ಕಾಯ್ತೀನಿ."

ಕೌದಿಯ ಒಂದು ಕೊನೆಯನ್ನು ತಂಗಿ ಹಿಡಿದಳು, ಇನ್ನೊಂದನ್ನು ಅಕ್ಕ. ಅಂಗಡಿಯ ದಾರಿಯಲ್ಲೇ ಇಬ್ಬರೂ ಹೊರಟರು. ಕಿಟಕಿಯಿಂದ ನೋಡುತ್ತಾ ನಿಂತೆ. ಅಂಗಡಿ ಹತ್ತಿರವಾದಾಗ ತಂಗಿಯ ಕಾಲು ಅಭ್ಯಾಸಬಲದಿಂದ ರಸ್ತೆಯ ಆಚೆ ಬದಿಗೆ ತಿರುಗಿತು. ಕೌದಿಯನ್ನು ಬಿಡದೆ ಅಕ್ಕನೂ ಜೊತೆಗೇ ರಸ್ತೆ ದಾಟಿದಳು.