ಚಿಕ್ಕಬೋರಯ್ಯನವರ ಫೋಟೊ

ಟಿಂಗ್ ಎಂದಿತು ಕಂಪ್ಯೂಟರು. ದಪ್ಪ ಮಾನಿಟರಿನ ಮೂಲೆಯಲ್ಲಿ ಹಳದಿ ಚೀಟಿಯಂಥದೊಂದು ಎದ್ದು ನಿಂತಿತು: ‘ಚಿಕ್ಕಬೋರಯ್ಯ - ತಿಥಿ ಕಾರ್ಡುಗಳ ಜೊತೆ ಸೇರಿಸಲಾಗಿದೆ.’

ಚಿಕ್ಕಬೋರಯ್ಯ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ, ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಹೊಂಬಾಳಮ್ಮನ ಮುಖ ನೋಡಿದರು. ಊರಿನ ಡೈರಿ ಎಲೆಕ್ಷನ್ನಿಗೆ ಪಾಂಪ್ಲೆಟ್ ಮಾಡಿಸಲು ಹಾಗಲವಾಡಿಯಿಂದ ಗುಬ್ಬಿಗೆ ಬಂದಿದ್ದರು. ಹಿಂದೆ ಎರಡು ಸಲ ನಿಂತು ಸೋತಾಗಿತ್ತು. ಈ ಸಲವೂ ಸೋತರೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಲು ಮುಖವಿರುವುದಿಲ್ಲ ಎಂಬ ಅಳುಕು ಬೇರೆ. ಪಾಂಪ್ಲೆಟ್ಟಿಗೆಂದು ತಂದ ಫೋಟೊ ಕಂಪ್ಯೂಟರಿಗೆ ಹಾಕಿಸಿದ್ದಷ್ಟೆ, ಅಷ್ಟರಲ್ಲಿ ಇದು.

ಕಾರ್ಡು, ಪಾಂಪ್ಲೆಟ್ ಮಾಡಿಕೊಡುವ ಆ ಅಂಗಡಿಯ ಮಂಗಳಗೌರಿ ಗಡಿಬಿಡಿಯಲ್ಲಿ ಚೀಟಿಯನ್ನು ಮುಚ್ಚಿದಳು. ಕಂಪ್ಯೂಟರಿನದೇನೂ ತಪ್ಪಿಲ್ಲ, ಪಾಪ, ಹೇಳಿಕೊಟ್ಟದ್ದನ್ನು ಮಾಡಿತ್ತು. ಮದುವೆ, ಗೃಹಪ್ರವೇಶ, ತಿಥಿ ಎಲ್ಲದರ ಫೈಲೂ ಕಲಸುಮೇಲೋಗರವಾಗಿ ಹುಡುಕಿ ಸಾಕಾಗಿ, ತುಮಕೂರಿನಲ್ಲಿ ತನಗೆ ಡಿಟಿಪಿ ಕಲಿಸಿದ ಮೇಷ್ಟ್ರನ್ನು ಅವಳು ಕಾಡಿದ್ದಳು. ಫೈಲುಗಳು ತಾವಾಗಿಯೇ ತಮ್ಮ ತಮ್ಮ ಫೋಲ್ಡರಿಗೆ ಹೋಗಿ, ಹೋದೆವೆಂದು ಹೇಳುವಂಥ ಪ್ರೋಗ್ರಾಂ ಒಂದನ್ನು ಅವರು ಹಾಕಿಕೊಟ್ಟಿದ್ದರು. ಮದುವೆ ಕಾರ್ಡಿಗೆ ಗಣೇಶ ಸಾಕು. ಅವಳ ಅಂಗಡಿಯಲ್ಲಿ ಮನುಷ್ಯರ ಫೋಟೊ ಕಾರ್ಡಿಗೆ ಬರುತ್ತಿದ್ದದ್ದು ಸತ್ತಮೇಲೆಯೇ. ಹಾಗಾಗಿ ಯಾರ ಫೋಟೊ ಬಂದರೂ ಸೀದಾ ತಿಥಿಗೆ ಎಂದು ಅವಳೇ ಹೇಳಿದ್ದಳು. ಬದುಕಿದ್ದವರೂ ಫೋಟೊ ತಂದಾರೆಂದು ಆ ಬುದ್ಧಿವಂತೆಗೆ ಹೊಳೆದಿರಲಿಲ್ಲ.

ಅದು ಬರೀ ಫೋಲ್ಡರು, ಅಪಶಕುನವೇನಲ್ಲ ಎಂದು ಅವಳು ಬಡಬಡಿಸಿದಳು. ಹಾಗಾದರೆ ಒಳಗೆ ಇನ್ಯಾರಿದ್ದಾರೆ ತೋರಿಸು ಅಂದರು ಚಿಕ್ಕಬೋರಯ್ಯ. ತೆರೆದರೆ ಮೊದಲಿಗೇ ಅವರೂರಿನ ಸಿದ್ದಗಂಗಯ್ಯ: ‘ಕೊಡುಗೈ ದಾನಿ, ಅಜಾತಶತ್ರು.’ ಬದುಕಿದ್ದಾಗ ಈ ದಾನಿ ಯಾರಿಗೂ ಒಂದು ಹಿಡಿ ಹುಲ್ಲು ಕೊಟ್ಟವನಲ್ಲ. ಬದುವಿನ ಜಗಳವಂತೂ ಅರ್ಧ ಊರಿನ ಜೊತೆಗಿತ್ತು.

ಚಿಕ್ಕಬೋರಯ್ಯನವರ ಭಯ ಹೋಗಿ ಆಸೆ ಹುಟ್ಟಿತು. ಆ ಎರಡು ಮಾತನ್ನೇ ತಮ್ಮ ಪಾಂಪ್ಲೆಟ್ಟಿಗೂ ಹಾಕಬೇಕೆಂದರು. ಬದುಕಿತು ಬಡಜೀವ ಎಂದುಕೊಂಡು ಮಂಗಳಗೌರಿ ಟೈಪು ಮಾಡಲು ಹೊರಟಾಗ ಹೊಂಬಾಳಮ್ಮ ಅವಳ ಮುಂಗೈ ಹಿಡಿದಳು.

“ಬ್ಯಾಡ ಕಣವ್ವ, ಅದು ಸತ್ತೋರಿಗೇ ಇರ್ಲಿ ಬುಡು. ಮದ್ವೆ ಆದಾಗ್ನಿಂದ ನೋಡ್ತಿದೀನಿ, ಇವ್ರು ಒಂದಿನಾನೂ ಹಾಲಿಗೆ ನೀರು ಬೆರೆಸ್ಲಿಲ್ಲ. ಒಂದ್ಸಲ ನಾನು ಬೆರೆಸೋಕೆ ಹೋಗಿದ್ಕೆ ಚೊಂಬು ಎತ್ಕಂಡು ಹೊಡ್ಯಾಕೆ ಬಂದಿದ್ರು. ಅಷ್ಟು ಹಾಕು.”

ಚೊಂಬನ್ನು ಬಿಟ್ಟು ಮಂಗಳಗೌರಿ ಉಳಿದದ್ದನ್ನು ಹಾಕಿದಳು: ‘ಹಾಲಿಗೆ ಒಂದು ದಿನವೂ ನೀರು ಬೆರೆಸದ ಚಿಕ್ಕಬೋರಯ್ಯ.’

ಅವರು ಅದನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಹೆಂಡತಿ ಹಿಂದೆಂದಾದರೂ ಪರರ ಮುಂದೆ ತಮ್ಮನ್ನು ಹೊಗಳಿದ್ದು ಅವರಿಗೆ ನೆನಪೇ ಇರಲಿಲ್ಲ. ಖುಷಿಯೂ ನಾಚಿಕೆಯೂ ಒಟ್ಟಿಗೇ ಆದವು. ಎಲೆಕ್ಷನ್ನಿನ ಮಾತು ಮರೆತೇಹೋಯಿತು.

“ಆಮೇಲೆ ಇದನ್ನ ಅಳಿಸ್ಬುಡ್ಬ್ಯಾಡ ಕಣವ್ವ,” ಅಂದರು ಮೆಲ್ಲಗೆ. “ಫೋಟೊ ಆ ತಿಥಿ ಕಾರ್ಡ್‌ಗಳ ಜೊತೇಲೇ ಇರ್ಲಿ. ಪಕ್ದಲ್ಲಿ ಈ ಮಾತ್ನೂ ಇಟ್ಟಿರು, ಮುಂದಕ್ಕೆ ಬೇಕಾಯ್ತದೆ.”

ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಎದ್ದು ನಿಂತಿದ್ದ ಹೊಂಬಾಳಮ್ಮ ಮತ್ತೆ ಸ್ಟೂಲಿನ ಮೇಲೆ ಕೂತಳು.