ಬೇಗಂ ಗಾಡಿಯ ಎಡಬಾಗಿಲು

ತಾವರಗೇರಾದಿಂದ ಕುಷ್ಟಗಿಗೆ ಬರುವ ದಾರಿಯಲ್ಲಿ, ಬಾಸಿಂಗ ಕಟ್ಟಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ರೂಪಾಳಿಗೆ ತನ್ನ ನೌಕರಿ ಹೋದ ಸುದ್ದಿ ಸಿಕ್ಕಿತು. ಹೇಳಿದವಳು ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗಳು ದೀಪಿಕಾ. ಅವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲವೆಂದು ಊರಿಗೇ ಗೊತ್ತು.

"ಅಕ್ಕಾ, ಇನ್ನ ಡಿಪೋ ಇಲ್ಲ, ಗ್ರೀಸ್ ಇಲ್ಲ, ಆರಾಮ ಆತ ನೋಡು ನಿಂದು. ಮದುವಿ ಆದಮ್ಯಾಲ ನೌಕರಿ ಬಿಡ್ತಾಳ ಅಂತ ದೊಡ್ಡಪ್ಪ ಬೀಗರಿಗೆ ಮಾತು ಕೊಟ್ಟಾನಂತಲ್ಲ. ಯಾಕ, ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ಮದುವೆ ಯಾರದೋ ಅವರನ್ನೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಎಲ್ಲವೂ ಗೊತ್ತಿರುವುದು ನಮ್ಮ ಕಡೆಯ ಪದ್ಧತಿ.

ರೂಪಾ ಕುಷ್ಟಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಐಟಿಐ ಓದಿ, ಪರೀಕ್ಷೆ ಬರೆದು, ಯಾರ ಶಿಫಾರಸೂ ಇಲ್ಲದೆ ಪಡೆದ ಕೆಲಸ. ಮೊದಮೊದಲು ಅವಳು ಬಸ್ಸಿನ ಅಡಿ ಮಲಗಿದರೆ ಹೊರಗೆ ನಿಂತು ನಗುತ್ತಿದ್ದವರು ಈಗ ಗಿಯರ್ ಬಾಕ್ಸ್ ಕೈಕೊಟ್ಟರೆ "ರೂಪಾ ಎಲ್ಲಿ ಅದಾಳ ನೋಡ್ರಿ" ಎಂದು ಹುಡುಕುತ್ತಿದ್ದರು. ಆ ಕೆಲಸ ಬಿಟ್ಟರೆ ತನ್ನ ಪಾಲಿಗೆ ಉಳಿಯುವುದೇನು ಎಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ.

ಕಾರು ನಡೆಸುತ್ತಿದ್ದವನು ಅಪ್ಪ ಮುದುಕಪ್ಪನೇ. ರೂಪಾ ಮುಂದಿನ ಗಾಜನ್ನು ಬಡಿದಳು. ಮುಂದಿನ ಗಾಜೆಂದರೆ ಕಾರಿನ ಮುಂಭಾಗದ್ದಲ್ಲ. ಡ್ರೈವರನ ಬೆನ್ನಿಗೂ ಹಿಂದಿನ ಸೀಟಿಗೂ ನಡುವೆ ಗೋಡೆಯಂತೆ ನಿಂತ ದಪ್ಪ ಗಾಜು. ನಿಜಾಮರ ಕಾಲದ ಯಾವನೋ ಅಧಿಕಾರಿ ತನ್ನ ಮನೆಯ ಹೆಂಗಸರಿಗಾಗಿ ತರಿಸಿದ ವಿಲಾಯಿತಿ ಗಾಡಿ ಅದು. ಒಳಗಿನವರ ಮಾತು ಡ್ರೈವರನ ಕಿವಿಗೆ ಬೀಳಬಾರದೆಂದು ಆ ಏರ್ಪಾಡು. ಆದ್ದರಿಂದಲೇ ಅದಕ್ಕೆ ಬೇಗಂ ಎಂಬ ಹೆಸರು ಬಿದ್ದದ್ದು.

ಅಧಿಕಾರಿ ಹೋದ, ನಿಜಾಮ ಹೋದ, ಬೇಗಂ ಮಾತ್ರ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಹಿಂದೆ ಕೋಳಿಗಳು ಮೊಟ್ಟೆಯಿಡುವ ಗೂಡಾಗಿ ಬಿದ್ದಿದ್ದಳು. ಅವಳನ್ನು ಎಬ್ಬಿಸಿದವರು ಮೂವರು. ತಾವರಗೇರಾದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮುದುಕಪ್ಪ, ಗಂಗಾವತಿಯಲ್ಲಿ ಗಾಡಿಗಳ ನೆಗ್ಗಿದ ಪತ್ರಾ ಬಡಿದು ನೇರ ಮಾಡುವ ರಾಜಾಸಾಬ, ಕೊಪ್ಪಳದಲ್ಲಿ ಬ್ಯಾಟರಿ ಅಂಗಡಿ ಇಟ್ಟ ಗವಿಸಿದ್ದೇಶ. ಭಾನುವಾರ ಬಂದರೆ ಮೂವರೂ ಮುದುಕಪ್ಪನ ಗ್ಯಾರೇಜಿನಲ್ಲಿ ಹಾಜರು. ಸ್ಟೇರಿಂಗ್ ಮುಂದಿನ ಕಟ್ಟಿಗೆಯ ಹಲಗೆಯನ್ನು ಕಿನ್ನಾಳದ ಗೊಂಬೆ ಮಾಡುವವರಿಂದ ಕೆತ್ತಿಸಿದ್ದರು. ಮೂವರೂ ತಮ್ಮ ಹೆಂಡಂದಿರಿಗೆ ಇಷ್ಟು ಆರೈಕೆ ಮಾಡಿದ್ದರೆ ಆ ಹೆಣ್ಣುಮಕ್ಕಳು ಇನ್ನೂ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು.

ಅವರಲ್ಲಿ ಒಂದು ಕಟ್ಟಳೆಯಿತ್ತು: ಬಿಚ್ಚಿದ ಕೈಯೇ ಕೂಡಿಸಬೇಕು. ಹಳೆಯ ಗಾಡಿಗೆ ಪುಸ್ತಕವಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಯಾವ ವಾಷರಿನ ಹಿಂದೆ ಯಾವ ನಟ್ಟು ಎನ್ನುವುದು ಬಿಚ್ಚಿದವನ ಬೆರಳಿಗಷ್ಟೇ ನೆನಪು. ಮತ್ತೊಬ್ಬ ಕೈಹಾಕಿದರೆ ಒಂದು ಕೂಡಿಸಲು ಹೋಗಿ ಎರಡು ಮುರಿಯುತ್ತಾನೆ. ಆ ಕಟ್ಟಳೆಯೊಳಗೆ ನಾಲ್ಕನೆಯ ಕೈಯಾಗಿ ರೂಪಾ ಬೆಳೆದಳು. ಗೆಳೆಯರ ಮುಂದೆ ಮುದುಕಪ್ಪ ಮೀಸೆಯಡಿ ನಗುತ್ತ "ನನ್ನ ಮಗಳು ಕಣ್ಣು ಮುಚ್ಚಿ ಪಾನಾ ಕೊಡ್ತಾಳ, ನಂಬರ್ ತಪ್ಪಂಗಿಲ್ಲ" ಎನ್ನುತ್ತಿದ್ದ.

ಈಗ ಅವಳು ಗಾಜು ಬಡಿದಾಗ ಅದೇ ಅಪ್ಪ ಕನ್ನಡಿಯಲ್ಲಿ ನೋಡಿದ. "ಅಪ್ಪಾ, ಗಾಡಿ ನಿಂದ್ರಸು!" ಎಂದು ಕೂಗಿದಳು. ಅವನಿಗೆ ಕಂಡದ್ದು ಬಾಯಿ ಆಡಿಸುವ ಮಗಳು ಮಾತ್ರ. ಮಗಳಿಗೆ ಮದುವೆಯ ಹುರುಪು ಎಂದುಕೊಂಡು ಅವನೂ ನಕ್ಕು ಎರಡು ಸಲ ಹಾರ್ನ್ ಹೊಡೆದ.

ಕುಷ್ಟಗಿಯ ಕಲ್ಯಾಣಮಂಟಪದ ಮುಂದೆ ಕಾರು ನಿಂತಾಗ ಬಾಜಾ ಬಜಂತ್ರಿ, ಮಂದಿ, ಏಪ್ರಿಲ್ಲಿನ ಬಿಸಿಲು ಎಲ್ಲವೂ ಒಟ್ಟಿಗೆ ಮುತ್ತಿದವು. ದೀಪಿಕಾ ಆರತಿ ತಟ್ಟೆ ತರಲೆಂದು ಮೊದಲು ಜಿಗಿದಿಳಿದು, ಬಸ್ಸಿನ ಬಾಗಿಲೆಂದು ತಿಳಿದಳೋ ಏನೋ, ಬೇಗಂಳ ಎಡಬಾಗಿಲನ್ನು ಧಡಾರನೆ ಬಡಿದಳು. ಒಳಗೆ ಕಟಕ್ಕೆಂದಿತು. ಮುದುಕಪ್ಪ ಹೊರಗಿನಿಂದ ಹಿಡಿ ಎಳೆದ. ಬಾಗಿಲು ಬರಲಿಲ್ಲ.

ಬಲಬಾಗಿಲಿನ ಕೀಲು ಸೀಳಿದ್ದರಿಂದ ರಾಜಾಸಾಬ ಅದನ್ನು ಬೋಲ್ಟ್ ಹಾಕಿ ಬಿಗಿದಿದ್ದ. ಕಿಟಕಿಯ ಗಾಜುಗಳು ಇಳಿಯುತ್ತಿರಲಿಲ್ಲ; ಏರಿಳಿಸುವ ಸಾಮಾನು ಸಿಗದೆ, ಕೆಳಗೆ ಬೀಳದಿರಲೆಂದು ಬೆಣೆ ಹೊಡೆದು ನಿಲ್ಲಿಸಿದ್ದರು. ಎಡಗಡೆಯ ಗಾಜಿನ ಮೇಲುತುದಿಯಲ್ಲಿ ಎರಡು ಬೆರಳು ತೂರುವಷ್ಟು ಸಂದು. ಅಷ್ಟೇ ಗಾಳಿ.

ರೂಪಾಳ ಕೈ ತಾನಾಗಿಯೇ ಒಳಗಿನ ಹಿಡಿಗೆ ಹೋಯಿತು. ಈ ಲಾಕನ್ನು ಹೋದ ತಿಂಗಳು ಬಿಚ್ಚಿ, ಹೊಸ ಸ್ಪ್ರಿಂಗ್ ಕೂರಿಸಿದವಳು ಅವಳೇ. ಜೋರಾಗಿ ಬಡಿದರೆ ಲಾಕಿನ ನಾಲಿಗೆ ಹೀಗೆ ಕಚ್ಚಿಕೊಳ್ಳುತ್ತದೆ. ಮೊಣಕಾಲಿನಿಂದ ಬಾಗಿಲಿನ ಕೆಳಭಾಗ ಒತ್ತಿ, ಹಿಡಿಯನ್ನು ಮೇಲಕ್ಕೆತ್ತಿ ಎಳೆದರೆ ಬಿಟ್ಟುಕೊಡುತ್ತದೆ. ಮೊಣಕಾಲು ಬಾಗಿಲಿಗೆ ತಗುಲಿಯೂ ಆಗಿತ್ತು.

ಅಲ್ಲಿ ಅವಳು ತಡೆದಳು. ಬಾಗಿಲಾಚೆ ಹಂದರ, ಹಂದರದ ಕೆಳಗೆ ಅಕ್ಷತೆಯ ಅಕ್ಕಿಕಾಳು, ಅಕ್ಕಿಕಾಳು ಬಿದ್ದಮೇಲೆ ಮುಗಿಯಿತು. ಇಳಿದರೆ ಈ ಗದ್ದಲದಲ್ಲಿ ಅವಳ ಮಾತು ಕೇಳುವವರು ಯಾರು? ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಒಳಗೆ ಮಲ್ಲಿಗೆ ಬಾಡುವ ವಾಸನೆ, ಹಳೆಯ ರೆಕ್ಸಿನ್ನಿನ ವಾಸನೆ. ಅರಿಶಿನದ ಬೆವರು ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಕೂತರೆ ಉಸಿರು ಕಟ್ಟುತ್ತಿತ್ತು, ಇಳಿದರೆ ಬಾಳೇ ಕಟ್ಟಿಹೋಗುತ್ತಿತ್ತು.

ಹೊರಗೆ ಮೂವರು ಗೆಳೆಯರಿಗೆ ಮದುವೆ ಮರೆತೇಹೋಯಿತು. ಕೀಲು ನೋಡಿದರು, ಸಂದಿನಲ್ಲಿ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟರು, ಬಾಗಿಲಿಗೆ ಕಿವಿಯಿಟ್ಟರು. ಬೀಗರ ಕಡೆಯವನೊಬ್ಬ ಬೇಸತ್ತು, "ಏ, ಆ ಗಾಜು ಒಡೀರಲೇ ಮಾರಾಯ್ರ, ಹುಡುಗಿ ಬೆಂದು ಹೋಗ್ತಾಳ" ಎಂದ.

"ಬ್ಯಾಡ್ರೀ!" ಮೂವರೂ ಒಂದೇ ಬಾಯಲ್ಲಿ ಚೀರಿದರು.

ರಾಜಾಸಾಬ ಗಾಜಿಗೆ ಬೆನ್ನುಕೊಟ್ಟು ಎರಡೂ ಕೈ ಚಾಚಿ ನಿಂತ. "ಬಳ್ಳಿ ಕೊರದ ಗಾಜ್ರೀ ಇದು. ಹುಟ್ಟಿನಿಂದ ಬೇಗಂ ಮೈಮ್ಯಾಲ ಉಳಿದ ಕಿಟಕಿ ಗಾಜು ಇದೊಂದ. ಹೈದರಾಬಾದದಾಗ ಹುಡುಕಿದ್ರೂ ಇದರ ಜೋಡಿ ಸಿಗಲಿಲ್ಲ. ಹೋತಂದ್ರ ಹೋತು!"

ಒಳಗಿದ್ದ ರೂಪಾಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಗವಿಸಿದ್ದೇಶ ತಲೆ ಕೆರೆದುಕೊಂಡ. "ಈ ಲಾಕ್ ಕಡೀಕ ಬಿಚ್ಚಿದಾವ್ರು ಯಾರು?"

"ರೂಪಾ," ಎಂದ ಮುದುಕಪ್ಪ.

ಅಷ್ಟು ಕೇಳಿದ್ದೇ ತಡ, ಗೆಳೆಯರಿಬ್ಬರೂ ಕೈ ಹಿಂದೆಗೆದರು. ಮದುವೆಯಿರಲಿ ಮಸಣವಿರಲಿ, ಕಟ್ಟಳೆ ಕಟ್ಟಳೆಯೇ. ಗವಿಸಿದ್ದೇಶ ಸಂದಿಗೆ ಬಾಯಿಯಿಟ್ಟು, "ತಂಗೀ, ಸ್ಪ್ರಿಂಗ್ ಯಾವ ಕಡೆ ತಿರುಗಿಸಿ ಹಾಕೀಯವಾ?" ಎಂದು ಕೇಳಿದ.

"ಹೇಳ್ತೀನಿ ಕಾಕಾ. ಮೊದ್ಲ ಅಪ್ಪನ್ನ ಕರೀರಿ."

ಮುದುಕಪ್ಪ ಬಂದು ಸಂದಿಗೆ ಕಿವಿಯಿಟ್ಟ. ಬಜಂತ್ರಿಯ ಸದ್ದಿನಲ್ಲಿ ಅವಳ ಮಾತು ಕೇಳಿದ್ದು ಅವನಿಗೊಬ್ಬನಿಗೆ.

"ನಾ ನೌಕರಿ ಬಿಡ್ತೀನಿ ಅಂತ ಬೀಗರಿಗೆ ಹೇಳೀಯೇನು?"

ಅವನ ಮುಖ ಕಪ್ಪಿಟ್ಟಿತು. ಹಿಂದಕ್ಕೆ ತಿರುಗಿ ಮಂದಿಗೆ, "ಸೆಕಿ ಭಾಳ ಆಗಾಕತ್ತೈತಂತ," ಎಂದು ಹೇಳಿ ಮತ್ತೆ ಬಾಗಿದ. "ಇದು ಆ ಮಾತಿನ ಹೊತ್ತಲ್ಲ ರೂಪಾ."

"ಇದ ಹೊತ್ತು. ಅವ್ರು ಬಿಡಸು ಅಂದ್ರು, ನೀ ಹೂಂ ಅಂದಿ. ನನ್ನ ಒಂದು ಮಾತು ಕೇಳಿದೇನು?"

"ಸ್ಪ್ರಿಂಗ್ ಸರದೈತಂತ ನೋಡ್ರಿ," ಎಂದ ಮುದುಕಪ್ಪ ಮಂದಿಗೆ. ಅವನು ಜನ್ಮದಲ್ಲಿ ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ರೂಪಾಳಿಗೆ ಅದು ಚುಚ್ಚಿತು.

"ಅಪ್ಪಾ, ಈ ಬಾಗಲಾ ನನಗ ತಗಿಯಾಕ ಬರ್ತೈತಿ. ನೀ ಅವರಿಗೆ ಒಂದ ಒಂದು ಮಾತು ಹೇಳು, ರೂಪಾ ನೌಕರಿ ಬಿಡಂಗಿಲ್ಲ ಅಂತ. ಈಗಿಂದೀಗ ಇಳೀತೀನಿ."

ಮುದುಕಪ್ಪ ಸಂದಿನಿಂದ ಅವಳನ್ನೇ ನೋಡಿದ. ಬಾಗಿಲು ಕೆಟ್ಟಿಲ್ಲವೆಂದು ಅವನಿಗೆ ಆಗ ತಿಳಿಯಿತು. "ನಾಕು ಮಂದ್ಯಾಗ ನನ್ನ ಮಾನ ಕಳೀಬ್ಯಾಡವಾ," ಎಂದ. ಮಂಟಪದ ಬಾಗಿಲಿನಲ್ಲಿ ತಳಕಲ್ ಊರಿನ ಬೀಗತಿ ಯಮನೂರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಅವಳ ಮಗ, ಮದುಮಗ ಗಾಳೇಶ. ಅಕ್ಕಿಕಾಳಿನ ಹೊತ್ತು ಮೀರುತ್ತದೆಂದು ಒಳಗಿನಿಂದ ಮದುವೆ ಮಾಡಿಸುವ ಅಯ್ಯನವರು ಕೂಗುತ್ತಿದ್ದರು.

ಹೇಳುತ್ತಾನೆ ಎಂದೇ ರೂಪಾ ನಂಬಿದ್ದಳು. ಎಷ್ಟಾದರೂ ಅಪ್ಪ.

ಮುದುಕಪ್ಪ ಬೀಗತಿಯ ಕಡೆ ಹೆಜ್ಜೆ ಹಾಕಲಿಲ್ಲ. ಡಿಕ್ಕಿಗೆ ಹೋಗಿ ಚಕ್ರದ ನಟ್ಟು ಬಿಚ್ಚುವ ಪಾನಾ ತಂದ. ಹೆಗಲ ಮೇಲಿನ ಟವೆಲ್ಲನ್ನು ಗಾಜಿನ ಮೇಲೆ ಹರವಿದ.

"ಮುದುಕಪ್ಪಾ, ಬ್ಯಾಡೋ!" ಎಂದು ರಾಜಾಸಾಬ ಅವನ ತೋಳು ಹಿಡಿದ. ಮುದುಕಪ್ಪ ಕೊಡವಿಕೊಂಡ. "ಆ ಮೂಲಿಗೆ ಸರಿ ರೂಪಾ," ಎಂದು ಕೂಗಿ ಒಂದೇ ಏಟು ಹಾಕಿದ. ಬಳ್ಳಿ ಕೊರೆದ ಗಾಜು ಅವಳ ಕಾಲಬುಡದಲ್ಲಿ ರಾಶಿ ಬಿತ್ತು.

ಬಜಂತ್ರಿ ನಿಂತಿತು. ಆಮೇಲೆ ಚಪ್ಪಾಳೆ ಬಿತ್ತು. "ಕರುಳು ಅಂದ್ರ ಇದು ನೋಡ್ರಿ! ಜೀವಾ ಇಟ್ಕೊಂಡ ಗಾಜು, ಮಗಳ ಸಲುವಾಗಿ ಒಡದುಬಿಟ್ಟ!" ಎಂದು ಯಾರೋ ಅಂದರು. ರಾಜಾಸಾಬ ಟೊಪ್ಪಿಗೆ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡ. ಗಾಜಿಗೆ ಅತ್ತನೋ ಗೆಳೆಯನ ಕರುಳಿಗೆ ಅತ್ತನೋ ಅವನಿಗೇ ಗೊತ್ತು.

ಮಗಳ ಸಲುವಾಗಿಯಲ್ಲವೆಂದು ಗೊತ್ತಿದ್ದವಳು ರೂಪಾ ಒಬ್ಬಳೇ. ಬೀಗರಿಗೆ ಒಂದು ಮಾತು ಹೇಳುವುದಕ್ಕಿಂತ ಅವನಿಗೆ ಈ ಗಾಜು ಒಡೆಯುವುದು ಹಗುರಾಯಿತು. ಅವಳ ಮೈ ಉರಿದುಹೋಯಿತು. ಅಪ್ಪನ ಕೈ ಒಡೆದ ಕಿಟಕಿಯೊಳಗೆ ಬಂದು ಹಿಡಿಗಾಗಿ ತಡಕಾಡುತ್ತಿತ್ತು. ಬೆರಳು ಕೊಯ್ದು ರಕ್ತ ಜಿನುಗುತ್ತಿತ್ತು.

ಗಾಜು ಹೋದಮೇಲೆ ಮಾತಿಗೆ ಅಡ್ಡವೂ ಹೋಗಿತ್ತು. ಬಜಂತ್ರಿಯೂ ನಿಂತಿತ್ತು. ರೂಪಾ ಕಿಟಕಿಗೆ ಮುಖ ತಂದು, ಡಿಪೋದಲ್ಲಿ ಬಸ್ಸಿನಡಿಯಿಂದ ಕೂಗುವ ದನಿಯಲ್ಲಿ ಕೂಗಿದಳು: "ಅತ್ತೀ, ನಾ ನೌಕರಿ ಬಿಡಂಗಿಲ್ರಿ! ಬಿಡಬೇಕು ಅಂತಿದ್ರ ಈಗ ಹೇಳಿಬಿಡ್ರಿ, ಅಕ್ಕಿಕಾಳು ಬೀಳೂದಕ್ಕಿಂತ ಮೊದ್ಲ!"

ಯಮನೂರಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಗುಂಪು ಸೀಳಿಕೊಂಡು ಕಾರಿನ ಹತ್ತಿರ ಬಂದಳು.

"ಬಿಡು ಅಂದಾವ್ರು ಯಾರವಾ? ಹೆಣ್ಣು ನೋಡಾಕ ಬಂದ ದಿನಾ ನಿಮ್ಮಪ್ಪ ತಾನಾಗೇ ಅಂದ, 'ಎಣ್ಣಿ ಗ್ರೀಸಿನ ಕೆಲಸರೀ ಅದು, ಮಂದ್ಯಾಗ ಹೇಳ್ಕೊಳ್ಳಾಕ ನಮಗ ನಾಚಿಕಿ, ನಿಮ್ಮ ಮನಿಗೆ ಬರೂದ್ರಾಗ ಬಿಡಸ್ತೀನಿ' ಅಂತ. ನಿನಗೂ ಸಾಕಾಗೈತೇನೋ ಅಂತ ನಾವು ಸುಮ್ಕಾದಿವಿ. ಸರಕಾರಿ ನೌಕರಿ ಯಾರರ ಬಿಡಸ್ತಾರೇನ, ಹುಚ್ಚಿ!"

ಗಾಳೇಶ ಹಿಂದಿನಿಂದ, "ನನಗೂ ಹಂಗ ಹೇಳ್ಯಾರ," ಎಂದ. ಮಂದಿ ಗೊಳ್ಳೆಂದು ನಕ್ಕರು. ಎಲ್ಲರಿಗೂ ಹಗುರಾಯಿತು.

ನೌಕರಿ ಉಳಿಯಿತು. ರೂಪಾಳಿಗೆ ಖುಷಿಯಾಗಬೇಕಿತ್ತು. ಅವಳು ಅಪ್ಪನನ್ನು ನೋಡಿದಳು. ಅವನು ತಲೆ ತಗ್ಗಿಸಿ ಬೆರಳಿನೊಳಗಿನ ಗಾಜಿನ ಚೂರು ಕೀಳುತ್ತಿದ್ದ. ಆ ಬೆರಳಿನ ಉಗುರುಗಳ ಸುತ್ತ ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆಗಳಿದ್ದವು. ಅಂಥವೇ ಗೆರೆಗಳು ಮದರಂಗಿಯ ಕೆಳಗೆ ಅವಳ ಬೆರಳುಗಳಲ್ಲೂ ಇದ್ದವು.

ಮೊಣಕಾಲಿನಿಂದ ಬಾಗಿಲನ್ನೊತ್ತಿ ಹಿಡಿ ಎತ್ತಿದಳು. ಬಾಗಿಲು ಸದ್ದಿಲ್ಲದೆ ತೆರೆಯಿತು. ರಾಜಾಸಾಬನೂ ಗವಿಸಿದ್ದೇಶನೂ ಅದನ್ನು ನೋಡಿದರು, ನೋಡಿ ಮುಖ ಬೇರೆ ಕಡೆ ತಿರುಗಿಸಿದರು.

ಇಳಿಯುವಾಗ ಆಸರೆಗೆಂದು ಮುದುಕಪ್ಪ ಕೈ ಚಾಚಿದ. ರೂಪಾ ಹಿಡಿಯಲಿಲ್ಲ. ಹತ್ತಿರ ನಿಂತು, ಅವನಿಗಷ್ಟೇ ಕೇಳುವಂತೆ, "ಗೆಳ್ಯಾರ ಮುಂದ ಅಷ್ಟು ಹೊಗಳ್ತಿದ್ದೆಲ್ಲಪಾ. ನಾಚಿಕಿ ಆಕ್ಕಿತ್ತೇನು?" ಎಂದಳು. ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

ಬಜಂತ್ರಿ ಮತ್ತೆ ಶುರುವಾಯಿತು. ಹೆಂಗಸರು ಸುತ್ತುವರಿದು ಅವಳನ್ನು ಹಂದರದ ಕಡೆ ನಡೆಸಿದರು. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಅಳು ಈಗ ಒತ್ತರಿಸಿ ಬಂತು. ಯಮನೂರಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿ, "ಅಳಬ್ಯಾಡ ನನ್ನವ್ವ, ತವರು ಎಲ್ಲಿ ಹೋಗ್ತೈತಿ?" ಎಂದು ಸಮಾಧಾನ ಮಾಡಿದಳು.

ರೂಪಾ ಹೌದೆಂದು ತಲೆಯಾಡಿಸಿದಳು.